ಕೆಂಪು ದಾರದ ಮೂಟೆ

ಚಳಿಗಾಲದ ಹಳೆ ಸಾಮಾನಿನ ಮಾರಾಟ ಹತ್ತಿರ ಬಂದಾಗ ಕಂಡಕ್ಟರಮ್ಮನ ಕಣ್ಣಿಗೆ ಆ ಕೆಂಪು ದಾರ ಬಿತ್ತು. ಉಗ್ರಾಣದ ಮೂಲೆಯಲ್ಲಿ, ಕಾಲು ಮುರಿದ ಕುರ್ಚಿಗಳ ಹಿಂದೆ, ಹಳೆ ಪರದೆಗಳ ಅಡಿಯಲ್ಲಿ ಒಂದು ದೊಡ್ಡ ಮೂಟೆ ಇತ್ತು. ಉಳಿದ ಮೂಟೆಗಳ ಬಾಯಿಗೆಲ್ಲ ಸೆಣಬಿನ ಹುರಿ ಕಟ್ಟಿದ್ದರೆ ಇದಕ್ಕೆ ಮಾತ್ರ ಕೆಂಪು ದಾರದ ಬಿಗಿಯಾದ ಗಂಟು. ಬಿಚ್ಚಿದರೆ ಒಳಗೆ ಮೂರು ದಪ್ಪ ರಜಾಯಿಗಳು, ಒಗೆದು ನೀಟಾಗಿ ಮಡಿಸಿದಂಥವು. ಚಳಿ ಶುರುವಾದರೆ ಜನ ಕಿತ್ತಾಡಿಕೊಂಡು ಒಯ್ಯುವ ಮಾಲು. ಆದರೆ ಬೇಸಿಗೆಯ ಮಾರಾಟದಲ್ಲಾಗಲಿ, ಮಳೆಗಾಲದ್ದರಲ್ಲಾಗಲಿ ಇವು ಮೇಜಿನ ಮೇಲೆ ಬಂದದ್ದೇ ಇಲ್ಲ.

ಯಾರು ಕಟ್ಟಿದ ಗಂಟು ಎಂದು ಕೇಳಬೇಕಾಗಿಯೇ ಇರಲಿಲ್ಲ. ಗಿರಾಕಿಗಳ ಬಟ್ಟೆ ಗಂಟಿಗೆ ಕೆಂಪು ದಾರ ಸುತ್ತುವವಳು ಆ ಬೀದಿಯಲ್ಲಿ ಒಬ್ಬಳೇ. ಮೂಲೆ ಅಂಗಡಿಯ ಇಸ್ತ್ರಿಯವಳು.

ಕಂಡಕ್ಟರಮ್ಮ ಬಸ್ಸಿನಲ್ಲಿ ಟಿಕೆಟ್ ಹರಿದು ತಲೆ ಹಣ್ಣು ಮಾಡಿಕೊಂಡವರು. ಟಿಕೆಟ್ ತೆಗೆಯದವನ ಕಳ್ಳ ನಡಿಗೆ ಅವನು ಮೆಟ್ಟಿಲು ಹತ್ತುವಾಗಲೇ ಅವರಿಗೆ ಗೊತ್ತಾಗುತ್ತಿತ್ತು. ಅದಕ್ಕೇ ನಿವೃತ್ತಿಯಾದ ಮೇಲೆ ಬಡಾವಣೆಯವರು ಉಗ್ರಾಣದ ಕೀಲಿಯನ್ನು ಅವರ ಕೈಗೆ ಕೊಟ್ಟಿದ್ದರು. ಜನ ಬೇಡವಾದ ಸಾಮಾನು ತಂದುಕೊಡುತ್ತಾರೆ. ಬಿಡುವಿದ್ದವರು ಬಂದು ಆರಿಸಿ, ತೊಳೆದು, ಹೊಲಿದು, ಮಾರುತ್ತಾರೆ. ಯಾರಿಗೂ ಸಂಬಳವಿಲ್ಲ. ಬಂದ ದುಡ್ಡೆಲ್ಲ ನಡೆಯಲಾರದ ಮುದುಕರನ್ನು ಆಸ್ಪತ್ರೆಗೆ ಕರೆದೊಯ್ಯುವ ವ್ಯಾನಿಗೆ. ಕಟ್ಟುನಿಟ್ಟು ಒಂದೇ: ಒಳಗೆ ಕೆಲಸ ಮಾಡುವವರು ತಮಗಾಗಲಿ, ತಮ್ಮವರಿಗಾಗಲಿ ಒಂದು ಕರವಸ್ತ್ರವನ್ನೂ ತೆಗೆದಿಡಕೂಡದು.

ಇಸ್ತ್ರಿಯವಳನ್ನು ಈ ಕೆಲಸಕ್ಕೆ ಕರೆತಂದವರೂ ಕಂಡಕ್ಟರಮ್ಮನೇ. ಅದು ಅವರನ್ನು ಒಳಗೊಳಗೇ ಚುಚ್ಚುತ್ತಿತ್ತು. ಕಳ್ಳಿ ಎಂಬ ಒಂದು ಮಾತು ಬೀದಿಗೆ ಬಿದ್ದರೆ ಸಾಕು, ಅವಳ ಅಂಗಡಿಗೆ ಯಾರೂ ಒಂದು ಅಂಗಿಯನ್ನೂ ಕಳಿಸುವುದಿಲ್ಲ. ಗಂಡನಿಲ್ಲದವಳು, ಮೂರು ಮಕ್ಕಳ ಹೊಟ್ಟೆ ನಡೆಯುವುದು ಆ ಇಸ್ತ್ರಿಪೆಟ್ಟಿಗೆಯಿಂದ. ಹಾಗಾಗಿ ವಿಷಯವನ್ನು ತಂಗಿಯ ಹತ್ತಿರ ಮಾತ್ರ ಹೇಳಿದರು.

ತಂಗಿ ಮಾರಾಟದ ಗಲ್ಲಾದ ಮೇಲೆ ಕೂರುವವಳು, ಸುತ್ತು ಬಳಸಿನ ಮಾತೇ ಇಲ್ಲ. "ಕೇಳಿಬಿಡಕ್ಕ. ಇಬ್ಬರಿಗೂ ನಿದ್ದೆ ಉಳಿಯುತ್ತೆ."

"ಕೇಳಿದ್ರೆ ಹೇಳ್ತಾರಾ? ಟಿಕೆಟ್ ಇಲ್ಲದೋರ ಹಾಗೆ ಜೇಬು ತಡಕಾಡ್ಕೊಂಡು, ಈಗ ತಾನೇ ಇಲ್ಲೇ ಇತ್ತಲ್ಲಾ ಅಂತಾರೆ. ಕೈಲಿರೋವಾಗ ಹಿಡೀಬೇಕು."

ಹೊರಗಿನ ಜೊತೆಗಾರ ಯಾರೆಂದೂ ಅವರು ಮನಸ್ಸಿನಲ್ಲೇ ತೀರ್ಮಾನಿಸಿಯಾಗಿತ್ತು. ಪ್ರತಿ ಮಾರಾಟಕ್ಕೂ ಸಾಲಿನ ಮುಂದೆ ನಿಲ್ಲುವ ಗುಜರಿಯವನು, ಹಿಂದೆ ಅವರ ಬಸ್ಸಿನಲ್ಲೇ ಓಡಾಡುತ್ತಿದ್ದವನು. ಇಲ್ಲಿ ಅಗ್ಗಕ್ಕೆ ಕೊಂಡು ತನ್ನ ಅಂಗಡಿಯಲ್ಲಿ ದುಬಾರಿಗೆ ಮಾರುವುದೇ ಅವನ ಕಸುಬು. ಒಳಗಿನವಳು ಒಳ್ಳೇ ಮಾಲು ಅಡಗಿಸಿ ಗುರುತು ಕಟ್ಟುತ್ತಾಳೆ, ಹೊರಗಿನವನು ಬಂದು ಎತ್ತುತ್ತಾನೆ. ಲೆಕ್ಕ ಸರಿಹೋಯಿತು.

ಮಾರಾಟದ ದಿನ ಬಾಗಿಲು ತೆರೆಯುವ ಮೊದಲೇ ಕಂಡಕ್ಟರಮ್ಮ ಆ ಮೂಟೆಯನ್ನು ಎಳೆದು ತಂದು ಮೊದಲ ಮೇಜಿನ ಮೇಲೆ ಇಟ್ಟರು. ಬಿಚ್ಚಿದ್ದ ದಾರವನ್ನು ಮೊದಲಿನಂತೆ ಬಿಗಿದು, ಎದ್ದು ಕಾಣುವ ಹಾಗೆ. ಇಸ್ತ್ರಿಯವಳು ಹಿಂದಿನ ಕೋಣೆಯಲ್ಲಿ ಅಂಗಿಗಳ ಸುಕ್ಕು ತೆಗೆಯುತ್ತಿದ್ದಳು. ಬಾಗಿಲು ತೆರೆಯಿತು. ಗುಜರಿಯವನು ಆಚೀಚೆ ನೋಡಲಿಲ್ಲ. ನೇರ ಬಂದವನೇ ಮೂಟೆಗೆ ಕೈ ಹಾಕಿ, ಒಮ್ಮೆ ಅಮುಕಿ ನೋಡಿ, ಹೆಗಲಿಗೆ ಏರಿಸಿದ. ಚೌಕಾಸಿ ಕೂಡ ಮಾಡಲಿಲ್ಲ. ಕಂಡಕ್ಟರಮ್ಮ ತಂಗಿಯ ಕಡೆ ಹುಬ್ಬು ಹಾರಿಸಿದರು.

ನೂಕುನುಗ್ಗಲು ಇಳಿದ ಮೇಲೆ ಇಸ್ತ್ರಿಯವಳು ಸೆರಗಿನ ತುದಿಯಲ್ಲಿ ದುಡ್ಡು ಕಟ್ಟಿಕೊಂಡು ಉಗ್ರಾಣಕ್ಕೆ ಹೋದಳು. ಕಂಡಕ್ಟರಮ್ಮ ಹಿಂದೆಯೇ ಹೋಗಿ ಬಾಗಿಲಿಗೆ ಅಡ್ಡ ನಿಂತರು. ಅವಳು ಕುರ್ಚಿಗಳನ್ನು ಸರಿಸಿ, ಪರದೆಗಳನ್ನು ಎತ್ತಿ, ಬರಿ ನೆಲ ನೋಡುತ್ತಾ ಕೂತಿದ್ದಳು.

"ಏನು ಹುಡುಕ್ತಿದ್ದೀಯ?"

"ರಜಾಯಿ, ಅಕ್ಕ."

"ನಿನ್ನ ಜೊತೆಗಾರ ಆಗಲೇ ಹೊತ್ಕೊಂಡು ಹೋದ."

ಅವಳಿಗೆ ಮಾತು ಅರ್ಥವಾಗಲಿಲ್ಲ. ಅರ್ಥವಾದಾಗ ಮೊದಲು ನಕ್ಕಳು, ಆಮೇಲೆ ಮುಖ ಸುಟ್ಟ ಬಟ್ಟೆಯ ಹಾಗಾಯಿತು. ಆ ರಜಾಯಿಗಳು ಅವಳ ಮನೆಯವೇ. ಇಸ್ತ್ರಿ ಅಂಗಡಿಯೇ ಮನೆ. ಗಿರಾಕಿಗಳ ಬಟ್ಟೆ ಸೂರಿನ ತನಕ ಏರಿದರೆ ಮಕ್ಕಳು ಮೇಜಿನ ಕೆಳಗೆ ಮಲಗುತ್ತಾರೆ, ದಪ್ಪ ಹೊದಿಕೆಗೆ ಜಾಗವೇ ಇಲ್ಲ. ಅದಕ್ಕೆ ಸೆಕೆ ಶುರುವಾದಾಗ ಅವನ್ನು ಮಾರಾಟಕ್ಕೆಂದು ಕೊಡುವುದು, ತಳದಲ್ಲಿ ಮುಚ್ಚಿಡುವುದು, ಚಳಿಯ ಮಾರಾಟದಲ್ಲಿ ಎಲ್ಲರಂತೆ ದುಡ್ಡು ಕೊಟ್ಟು ಕೊಳ್ಳುವುದು. ಹೋದ ವರ್ಷವೂ ಹಾಗೇ ಮಾಡಿದ್ದಳು.

"ಇಲ್ಲಿ ಇಡ್ತೀನಿ ಅಂತ ಒಂದು ಮಾತು ಕೇಳಬಾರದಿತ್ತಾ?" ಕಂಡಕ್ಟರಮ್ಮನ ದನಿ ಸಣ್ಣದಾಗಿತ್ತು.

"ಮಂಚ ಇಡ್ತೀನಿ ಅಂತ ಬಡಗಿ ಕೇಳಿದ್ದಕ್ಕೆ ನೀವೇನಂದ್ರಿ? ಇದೇನು ನಿಮ್ಮಪ್ಪನ ಮನೆ ಅಟ್ಟಾನಾ ಅಂದ್ರಿ. ನಾನು ಪಕ್ಕದಲ್ಲೇ ಇದ್ದೆ."

ಕಂಡಕ್ಟರಮ್ಮ ಚಪ್ಪಲಿ ಮೆಟ್ಟಿಕೊಂಡು ನೇರ ಗುಜರಿ ಅಂಗಡಿಗೆ ನಡೆದರು. ತುಕ್ಕು ಹಿಡಿದ ಫ್ಯಾನು, ಬಕೆಟ್ಟು, ಕಿಟಕಿ ಸರಳುಗಳ ನಡುವೆ ಅವನು ಕೂತಿದ್ದ. ಮೂಟೆಯ ದಾರ ಇನ್ನೂ ಬಿಚ್ಚಿರಲಿಲ್ಲ. ಕೊಟ್ಟ ದುಡ್ಡು ವಾಪಸ್ ತಗೋ, ಮೂಟೆ ಕೊಡು ಎಂದರು. ಅವನು ಆಗುವುದಿಲ್ಲ ಎಂದ. ಅದರ ಎರಡರಷ್ಟು ಎಂದರು. ಅಲ್ಲೇ ತಪ್ಪಿದ್ದು. ಅವನ ಕಣ್ಣು ಕಿರಿದಾಯಿತು.

"ಬೆಳಿಗ್ಗೆ ನೀವೇ ಮುಂದೆ ತಂದಿಟ್ರಿ. ಈಗ ಓಡಿ ಬಂದಿದ್ದೀರಿ. ಏನಿದೆ ಇದರಲ್ಲಿ?"

"ಹತ್ತಿ ಇದೆ ಕಣಪ್ಪ. ಬಡವಳ ಮಕ್ಕಳು ಹೊದ್ಕೊಳ್ಳೋದು."

"ಬಸ್ಸಲ್ಲಿ ನಾನು ನಿಜ ಹೇಳಿದಾಗೆಲ್ಲ ನೀವು ನಂಬಿದ್ರಾ?"

ಇಲ್ಲ ಇಲ್ಲ ಎಂದಷ್ಟೂ ಅವನಿಗೆ ಇದೆ ಇದೆ ಎಂದೇ ಕೇಳುತ್ತಿತ್ತು. ದಾರ ಕಿತ್ತು, ಮೇಲಿನ ರಜಾಯಿ ಎಳೆದು, ಬ್ಲೇಡಿನಿಂದ ಒಂದು ಅಂಚನ್ನು ಉದ್ದಕ್ಕೂ ಸೀಳಿದ. ಕೈ ತೂರಿಸಿ ಬಂಗಾರ ಹುಡುಕುವವನಂತೆ ಮೊಣಕೈತನಕ ತಡಕಾಡಿದ. ಹತ್ತಿ ಬಂತು, ಮತ್ತೂ ಹತ್ತಿ ಬಂತು. ಅವನ ಮೀಸೆಗೂ ಅಂಟಿತು. ಕೊನೆಗೆ ನಾಚಿಕೆಯಾಯಿತೋ, ಬೇಸರವಾಯಿತೋ, ಉಳಿದೆರಡಕ್ಕೆ ದುಪ್ಪಟ್ಟು ದುಡ್ಡು ಎಣಿಸಿಕೊಂಡು, ಸೀಳಿದ್ದನ್ನು ಪುಕ್ಕಟೆಯಾಗಿ ಅವುಗಳ ಮೇಲೆ ಎಸೆದ.

ಕತ್ತಲಾಗುವ ಮುಂಚೆ ಕಂಡಕ್ಟರಮ್ಮ ಇಸ್ತ್ರಿ ಅಂಗಡಿಯ ಹೊಸ್ತಿಲಲ್ಲಿ ಮೂಟೆ ಇಳಿಸಿದರು. ಮಕ್ಕಳು ಎರಡು ರಜಾಯಿಗಳನ್ನು ಎಳೆದುಕೊಂಡು ಮೇಜಿನ ಕೆಳಗೆ ನುಗ್ಗಿದವು. ಇಸ್ತ್ರಿಯವಳು ಮೂರನೆಯದನ್ನು ಎತ್ತಿ, ಸೀಳಿನ ಮೇಲೆ ಬೆರಳಾಡಿಸಿದಳು. ಹರಿದದ್ದಲ್ಲ, ನೇರ ಕತ್ತರಿಸಿದ್ದು.

"ಒಳಗೆ ಏನಾದ್ರೂ ಸಿಕ್ತಾ, ಅಕ್ಕ?"

ಕಂಡಕ್ಟರಮ್ಮನಿಗೆ ಪ್ರಶ್ನೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. "ನಾನಲ್ಲ ಕಣೆ. ಗುಜರಿಯವನು ಸೀಳಿದ್ದು."

"ಮಾರೋ ಮಾಲನ್ನ ಅವನ್ಯಾಕೆ ಸೀಳ್ತಾನೆ?"

ಕಂಡಕ್ಟರಮ್ಮ ಎಲ್ಲವನ್ನೂ ಹೇಳಿದರು. ಬೆಳಿಗ್ಗೆ ಮೂಟೆ ಮುಂದಿಟ್ಟದ್ದು ಯಾಕೆ ಎಂಬುದನ್ನೂ ಬಿಡಲಿಲ್ಲ. ಹೇಳುತ್ತಾ ಹೋದಂತೆ ಅದು ತಮಗೇ ಕಟ್ಟುಕಥೆಯ ಹಾಗೆ ಕೇಳತೊಡಗಿತು. ಇಸ್ತ್ರಿಯವಳು ಹೂಂಗುಟ್ಟಿದಳು. ಸಿಟ್ಟು ಮಾಡಲಿಲ್ಲ. ಈ ಮಾತು ಬೇರೆ ಯಾರ ಕಿವಿಗಾದರೂ ಬಿದ್ದಿದೆಯೇ ಎಂದು ಮಾತ್ರ ಕೇಳಿದಳು. ತಂಗಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ, ಗೊತ್ತಾಗುವುದೂ ಇಲ್ಲ ಎಂದು ಕಂಡಕ್ಟರಮ್ಮ ಮಾತು ಕೊಟ್ಟರು. ಅದಕ್ಕೂ ಹೂಂ ಎಂದಳು.

"ಸೂಜಿ ಕೊಡು. ನಾನೇ ಹೊಲಿದು ಕೊಟ್ಟು ಹೋಗ್ತೀನಿ."

ಅವಳು ಸೂಜಿ ಕೊಟ್ಟಳು, ಕೂರಲು ಮಣೆಯನ್ನೂ ಕೊಟ್ಟಳು. ಕಂಡಕ್ಟರಮ್ಮ ಹೊಸ್ತಿಲ ಬೆಳಕಿಗೆ ರಜಾಯಿ ಹರಡಿಕೊಂಡು, ಹೊರಬಂದ ಹತ್ತಿಯನ್ನು ಒಳಗೆ ತುರುಕಿ ಹೊಲಿಯತೊಡಗಿದರು. ಇಸ್ತ್ರಿಯವಳು ಮೇಜಿನ ಆ ಬದಿಯಲ್ಲಿದ್ದವಳು ಈ ಬದಿಗೆ ಬಂದು ನಿಂತಳು. ಯಾರದೋ ಅಂಗಿಯ ಕಾಲರಿನ ಮೇಲೆ ಇಸ್ತ್ರಿಪೆಟ್ಟಿಗೆ ಒತ್ತುತ್ತಾ, ಕಂಡಕ್ಟರಮ್ಮನ ಎರಡೂ ಕೈಗಳ ಮೇಲೆ ಒಂದು ಕಣ್ಣಿಟ್ಟೇ ಇದ್ದಳು.