ದತ್ತೂ ಡಾಕ್ಟರನ ಚಿಕಿತ್ಸೆ

ಖಡಕಿಯಲ್ಲಿ ಮಿಲಿಟರಿ ಮಂದಿಗೆ ಬೆಲ್ಟು, ಬಿಲ್ಲೆ, ಗುಂಡಿ ಮಾರುವ ಅಪ್ಪಾಸಾಹೇಬರ ಮನೆಗೆ ಕಂಪ್ಯೂಟರ್ ಬಂದಾಗ ಅದರ ಬೆನ್ನಿಗೇ ದತ್ತೂನೂ ಬಂದ. ಓಣಿಯ ಅಂಗಡಿಗಳಲ್ಲೆಲ್ಲ ಕಂಪ್ಯೂಟರ್ ರಿಪೇರಿ ಮಾಡುತ್ತಿದ್ದ ಅವನನ್ನು ಜನ ಡಾಕ್ಟರ್ ಅನ್ನುತ್ತಿದ್ದರು. ಅವನೂ ಬೇಡ ಅನ್ನುತ್ತಿರಲಿಲ್ಲ. ಧೂಳು ಕೂಡಬಾರದು, ಯಂತ್ರ ನಡೆಯುವಾಗಲೂ ಪ್ಲಾಸ್ಟಿಕ್ ಹೊದಿಕೆ ತೆಗೆಯಬೇಡಿ ಎಂದು ಉಪದೇಶ ಮಾಡಿದವನು ಅವನೇ. ಫ್ಲಾಪಿಯಿಂದ ವೈರಸ್ ಬರುತ್ತದೆಂದು ಫ್ಲಾಪಿ ಡ್ರೈವಿನ ತಂತಿ ಕಿತ್ತು ಕಿಸೆಗೆ ಹಾಕಿಕೊಂಡು ಹೋದವನೂ ಅವನೇ. ಅಪ್ಪಾಸಾಹೇಬರಿಗೆ ಅವನದು ವೇದವಾಕ್ಯ. ಎಂ.ಎಸ್ಸಿ. ಮುಗಿಸಿ ಪಿಎಚ್.ಡಿ. ಪ್ರಬಂಧ ಬರೆಯುತ್ತಿದ್ದ ಸೊಸೆ ಶಿವಕಾಂತಾ ಮನೆಯಲ್ಲೇ ಇದ್ದಳು. ಸೊಸೆಯನ್ನು ಯಾರು ಕೇಳುತ್ತಾರೆ? ಗಂಡ ತೀರಿಕೊಂಡ ಮೇಲಂತೂ ಊಟವಾಯಿತೇ ಎಂದು ಕೇಳುವವರೂ ಇರಲಿಲ್ಲ.

ಫ್ಲಾಪಿಗೆ ಪ್ರತಿ ತೆಗೆಯುವಂತಿಲ್ಲದ್ದರಿಂದ ಅವಳ ಪ್ರಬಂಧದ ಕೊನೆಯ ಅಧ್ಯಾಯಗಳು ಆ ಕಂಪ್ಯೂಟರಿನಲ್ಲಿ ಮಾತ್ರ ಇದ್ದವು. ದಸರೆ ಮುಗಿದ ಮರುದಿನ ಸಲ್ಲಿಸಬೇಕು. ಸಲ್ಲಿಸಿದರೆ ಕಾಲೇಜಿನಲ್ಲಿ ನೌಕರಿ, ಅದರ ಜೊತೆಗೆ ಇರಲು ತನ್ನದೇ ಒಂದು ಖೋಲಿ.

ಖಂಡೇನವಮಿಯ ದಿನ ತಕ್ಕಡಿ, ಹೊಲಿಗೆ ಯಂತ್ರಗಳ ಸಾಲಿನಲ್ಲಿ ಕಂಪ್ಯೂಟರಿಗೂ ಪೂಜೆ. ವಿಧವೆ ಎದುರಿಗೆ ಬರಬಾರದೆಂದು ಅತ್ತೆ ಗೌರಾಬಾಯಿ ಶಿವಕಾಂತಾಳನ್ನು ಅಡುಗೆಮನೆಯಲ್ಲಿ ಕೂರಿಸಿ ಬಾಗಿಲು ಮುಂದೆ ಮಾಡಿದಳು. ಆ ಯಂತ್ರ ತಿಳಿದ ಒಬ್ಬಳೇ ಒಬ್ಬಳನ್ನು ಒಳಗೆ ಕೂಡಿಹಾಕಿ, ತಿಳಿಯದವರೆಲ್ಲ ಅದರ ಸುತ್ತ ಕೈಮುಗಿದು ನಿಂತರು. ಅಪ್ಪಾಸಾಹೇಬರು ಪೂಜೆಗೆಂದು ಹೊದಿಕೆ ಸರಿಸಿ ಕಂಪ್ಯೂಟರಿನ ಡಬ್ಬಿಯ ಕಿಂಡಿಗಳಿಗೆಲ್ಲ ಅರಿಷಿಣ ಕುಂಕುಮ ಬಳಿದರು. ಕಾಯಿ ಒಡೆದು ನೀರನ್ನು ಅದರ ನೆತ್ತಿಗೆ ಸುರಿದರು. ಆಮೇಲೆ ಭಕ್ತಿಯಿಂದ ಸ್ವಿಚ್ ಒತ್ತಿದರು. ಚಟ್ ಅಂದಿತು. ಸುಟ್ಟ ವಾಸನೆ ಅಡುಗೆಮನೆಗೂ ಬಂತು.

ದತ್ತೂ ಓಡಿಬಂದ. ಡಬ್ಬಿ ಬಿಚ್ಚಲಿಲ್ಲ, ಹೊರಗಿನಿಂದಲೇ ಎರಡು ಸಲ ತಟ್ಟಿದ.

“ವೈರಸ್ ಬಂದದ ಸಾಹುಕಾರ್ರ. ನಾಳೆ ಅಂಗಡಿಗೆ ಒಯ್ದು ಫಾರ್ಮ್ಯಾಟ್ ಹೊಡೀತೀನಿ. ಒಳಗಿಂದೆಲ್ಲಾ ಅಳಿಸಿ ಸ್ವಚ್ಛ.”

“ಅಳಿಸಪಾ. ಯಂತ್ರ ಉಳದ್ರ ಸಾಕು,” ಅಂದರು ಅಪ್ಪಾಸಾಹೇಬರು.

ಶಿವಕಾಂತಾ ಬಾಗಿಲು ತೆರೆದು ಹೊರಬಂದಳು. “ವೈರಸ್‌ಗೆ ಕಾಯಿನೀರಿನ ವಾಸನಿ ಇರ್ತದೇನ್ರಿ ಡಾಕ್ಟರ್?”

“ವೈನಿ, ಇದು ಟೆಕ್ನಿಕಲ್ ವಿಷಯ ಅದ. ಗಂಡಸರ ಜೋಡಿ ಮಾತಾಡ್ತೀನಿ.”

“ಮಾತಾಡ್ರಿ. ಅಷ್ಟರಾಗ ನಾ ಸ್ಕ್ರೂ ಬಿಚ್ಚತೀನಿ.”

ಅವನ ಚೀಲದಿಂದಲೇ ಸ್ಕ್ರೂಡ್ರೈವರ್ ತೆಗೆದುಕೊಂಡು ವೈರು ಕಿತ್ತು ಡಬ್ಬಿ ಬಿಚ್ಚಿದಳು. ಒಳಗೆ ಕುಂಕುಮದ ಕೆಸರು. ವಿದ್ಯುತ್ತು ಕೊಡುವ ಪೆಟ್ಟಿಗೆ ಕರಕಾಗಿತ್ತು. ಕೆಳಗಿನ ಮೂಲೆಯಲ್ಲಿದ್ದ ಹಾರ್ಡ್ ಡಿಸ್ಕಿಗೆ ಮಾತ್ರ ನೀರು ತಾಗಿದಂತೆ ಕಾಣಲಿಲ್ಲ. ಅದನ್ನು ಹೊರಗೆಳೆದಳು.

“ಅದನ್ನ ತೆಗದ್ರ ಒಳಗಿಂದೆಲ್ಲಾ ಹಾರಿ ಹೋಗ್ತದ್ರಿ!” ದತ್ತೂ ಚೀರಿದ.

“ಇಷ್ಟ ಮಂದಿ ನಿಂತೀರಿ. ಹಾರಿದ್ರ ಹಿಡೀರಿ.”

“ಶಿವಕಾಂತಾ, ಡಾಕ್ಟರ್ ಬ್ಯಾಡ ಅನ್ನಾಕತ್ತಾನ. ಇಡು ಅದನ್ನ,” ಅಪ್ಪಾಸಾಹೇಬರು ಗುಡುಗಿದರು.

“ಪೂಜಾ ಆದದ್ದಕ್ಕ ಕೈ ಹಚ್ಚಿದಳಲ್ಲವ್ವಾ!” ಗೌರಾಬಾಯಿ ಹಣೆ ಬಡಿದುಕೊಂಡಳು.

ಡಿಸ್ಕನ್ನು ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿ, ಶಿವಕಾಂತಾ ಚಪ್ಪಲಿ ಮೆಟ್ಟಿ ರಿಕ್ಷಾ ಹತ್ತಿದಳು.

ವಿಶ್ವವಿದ್ಯಾಲಯದ ವಿಭಾಗದಲ್ಲಿ ರಜೆಯ ದಿನವೂ ಕೆಲಸಕ್ಕೆ ಬಂದಿದ್ದ ಗೆಳತಿ ಉಮಾವತಿ ಲ್ಯಾಬಿನ ಬೀಗ ತೆಗೆದಳು. ಡಿಸ್ಕನ್ನು ಅಲ್ಲಿಯ ಯಂತ್ರಕ್ಕೆ ಜೋಡಿಸಿದರು. ಮೊದಲು ಪರದೆ ಕಪ್ಪಗೇ ಇತ್ತು. ತಂತಿ ಬಿಚ್ಚಿ ಮತ್ತೆ ಒತ್ತಿ ಕೂಡಿಸಿದ ಮೇಲೆ ಅಧ್ಯಾಯಗಳ ಹೆಸರು ಒಂದೊಂದಾಗಿ ಮೂಡಿದವು. ಶಿವಕಾಂತಾ ಕೊನೆಯದನ್ನು ತೆರೆದು, ಕೊನೆಯ ಸಾಲಿನವರೆಗೂ ನೋಡಿದಳು. ಎಲ್ಲ ಇತ್ತು. ಉಮಾವತಿ ಅತ್ತಳು. ಅವಳಿಗೆ ಮಾತ್ರ ಅಳು ಬರಲಿಲ್ಲ. ಅರ್ಧಕ್ಕೆ ನಿಂತಿದ್ದ ವಾಕ್ಯ ಮುಗಿಸಿದಳು.

ವಿಭಾಗದ ಫೋನ್ ರಿಂಗಾಯಿತು. ಅಪ್ಪಾಸಾಹೇಬರು.

“ಆ ಡಿಸ್ಕ್ ತಗೊಂಡ ಲಗೂ ಬಾ. ಅದಿಲ್ಲಂದ್ರ ತನಗೇನೂ ಮಾಡಾಕ ಬರೂದಿಲ್ಲ ಅಂತಾನ ದತ್ತೂ.”

“ಅದಿದ್ರೂ ಅವಗ ಬರೂದಿಲ್ರಿ ಮಾವಾರ.”

ಬರೆದದ್ದು ಸಿಕ್ಕಿತೋ ಇಲ್ಲವೋ ಎಂದು ಅವರು ಕೇಳುತ್ತಾರೇನೋ ಎಂದು ಫೋನನ್ನು ಕಿವಿಗೆ ಹಿಡಿದೇ ಇದ್ದಳು. ಆ ಕಡೆಯಿಂದ ದತ್ತೂ ಏನೋ ಸಲಹೆ ಕೊಡುವುದು ಕೇಳಿಸಿತು. ಫೋನಿಟ್ಟು ಪ್ರಿಂಟರಿಗೆ ಕಾಗದ ತುಂಬಿದಳು.