ಮೋಟಾರಿಗೆ ಹಾಕಿದ ಹಾರ

ತನಗೆ ಸಂಶಯದ ರೋಗ ಅಂಟಿದೆಯೇ ಎಂಬುದು ನೀಲಾಂಬಿಕೆಯ ಚಿಂತೆ. ಬಿ.ಎ. ಮುಗಿಸಿ ಬೆಳಗಾವಿಯ ಟಿಳಕವಾಡಿಯಿಂದ ಖಾನಾಪುರದ ಕಾಕಾನ ಮನೆಗೆ ಬಂದಾಗಿನಿಂದ ಅವಳ ದಿನಚರಿಯಲ್ಲಿ ಅದೇ ಮಾತು: ಅನ್ನ ಹಾಕಿದ ಕೈಯನ್ನೇ ಅನುಮಾನಿಸುತ್ತೇನಲ್ಲ, ನನ್ನ ಮನಸ್ಸೇ ಹೊಲಸೇನೋ. ಬರೆಯುವಾಗ ಮಾತು ಧಾರಾಳ. ಬಾಯಿ ತೆರೆಯುವ ಹೊತ್ತಿಗೆ ನಾಲಿಗೆ ಅಂಗುಳಕ್ಕೆ ಅಂಟುತ್ತಿತ್ತು.

ತಂದೆ ತೀರಿಕೊಂಡ ಮೇಲೆ ಅವಳನ್ನು ಓದಿಸಿದವನು ಈ ಕಾಕಾ, ತಂದೆಯ ತಮ್ಮ ಗುರುಪುತ್ರಪ್ಪ. ರೈತರ ಪಂಪು ರಿಪೇರಿಯಲ್ಲಿ ಊರಿಗೇ ಹೆಸರಾದವನು. ಎಪ್ಪತ್ತೊಂಬತ್ತರ ಮಳೆಗಾಲಕ್ಕೆ ಮುಂಚೆ ಗೋವೆಯಿಂದ ಒಂದು ಹಳೆಯ ದೋಣಿ ಮೋಟಾರು ತಂದಿದ್ದ. ದೋಣಿಯ ಹಿಂಬದಿಗೆ ತಿರುಪಿನಿಂದ ಬಿಗಿಯುವಂಥದ್ದು, ಕೆಳತುದಿಗೆ ನೀರಲ್ಲಿ ತಿರುಗುವ ಪಂಖ. ಕೊಳ್ಳುವವನೂ ಸಿಕ್ಕಿದ್ದ: ಮಲಪ್ರಭೆಯ ಕಡವಿನಲ್ಲಿ ಹುಟ್ಟು ಹಾಕಿ ಜನರನ್ನು ದಾಟಿಸುವ ಚಾಂದಸಾಬ. ಹೊಳೆ ತುಂಬಿದಾಗ ಸಂತೆಯವರೂ ಶಾಲೆಯ ಮಕ್ಕಳೂ ಅವನ ದೋಣಿಯನ್ನೇ ನಂಬಿದವರು.

ಕಾಕಾ ಹಿತ್ತಲಲ್ಲಿ ಡ್ರಮ್ಮಿಗೆ ನೀರು ತುಂಬಿ, ಅದರ ಅಂಚಿಗೆ ಮೋಟಾರು ಬಿಗಿದ. ಪ್ಲಗ್ ಬಿಚ್ಚಿ ಮಸಿ ಉಜ್ಜಿದ, ಕಾರ್ಬುರೇಟರನ್ನು ಪೆಟ್ರೋಲಿನಲ್ಲಿ ತೊಳೆದ. ಹಗ್ಗ ಎಳೆದು, ಸದ್ದಿಗೆ ಕಿವಿಗೊಟ್ಟು, ಸ್ಕ್ರೂವನ್ನು ಕೂದಲೆಳೆಯಷ್ಟು ತಿರುಗಿಸುತ್ತ ಕೂತ. ಮೊದಲ ದಿನ ಅವನೇ ಉಮೇದಿನಿಂದ ಅವಳನ್ನು ಕರೆದಿದ್ದ.

"ನೋಡವ್ವ, ಈ ತೂತಿನಿಂದ ನೀರು ಪಿಚಕಾರಿಗತೆ ಹಾರಬೇಕು. ಹಾರಿದ್ರ ಎಂಜಿನ್ ತಣ್ಣಗೈತಿ ಅಂತ ತಿಳಿ. ಇಲ್ಲಂದ್ರ ಕಾದು, ನಡು ಹೊಳ್ಯಾಗ ಗಪ್ಪನ ಹಿಡಕೊಂಡು ಬಿಡತೈತಿ."

ಅಂದು ನೀರು ಹಾರಲಿಲ್ಲ. "ಒಳಗ ನೀರು ಎಳಿಯೋ ರಬ್ಬರ್ ಚಕ್ರ ಸವದೈತಿ. ಗೋವಾದಿಂದ ತರಸಬೇಕು," ಎಂದಿದ್ದ.

ಹಳೆಯ ಮಾದರಿ, ಸಿಗಲಿಲ್ಲವೋ ಏನೋ. ರಬ್ಬರ್ ಬಂದದ್ದನ್ನು ಅವಳು ಕಾಣಲಿಲ್ಲ. ಬಂದದ್ದು ನೀಲಿ ಪೇಂಟಿನ ಡಬ್ಬಿ; ಹಳೆಯ ಮೋಟಾರು ಹೊಸದರಂತೆ ಹೊಳೆಯಿತು. ಡ್ರಮ್ಮು ಗೋಡೆಯ ಪಕ್ಕಕ್ಕೆ ಸರಿಯಿತು, ತೂತು ಗೋಡೆಯ ಕಡೆಗಾಯಿತು. ಮೋಟಾರು ಗುರ್ ಎಂದದ್ದೇ ತಡ, ಕಾಕಾ ಆರಿಸಿಬಿಡುತ್ತಿದ್ದ. ಅವಳು ಚಹಾ ತಂದರೆ ಎದ್ದು ಅಡ್ಡ ನಿಲ್ಲುತ್ತಿದ್ದ. "ರಬ್ಬರ್ ಬಂತೇನ್ರಿ?" ಎಂದು ಕೇಳಲು ಹೋಗಿ, "ಸಕ್ಕರಿ ಸಾಕೇನ್ರಿ?" ಎಂದು ಕೇಳಿ ಬಂದಳು.

ತಾನಿಲ್ಲದಾಗ ಹಾಕಿರಬಹುದು ಎಂದುಕೊಂಡಳು. ಹಾಗಿದ್ದರೆ ಗೋಡೆಯ ಮರೆ ಏಕೆ? ಒಮ್ಮೆ ಮೋಟಾರು ಆರಿಸಿ ಅವನು ಒಳಗೆ ಹೋದಾಗ ಗೋಡೆ ಮುಟ್ಟಿ ನೋಡಿದಳು. ಒಂದು ಹನಿ ಬಿದ್ದ ಗುರುತಿಲ್ಲ. ಬೆರಳಿಗೆ ಒಣ ಸುಣ್ಣ ಹತ್ತಿತು.

ಸೋಮವಾರ ಚಾಂದಸಾಬ ಮೋಟಾರು ಒಯ್ಯಲು ಬಂದ. ಅಂದು ಡ್ರಮ್ಮು ಅಂಗಳದ ನಡುವಿತ್ತು.

"ಗುರುಪುತ್ರಪ್ಪಣ್ಣಾ, ಇದೇನು ಮೋಟಾರೋ, ಮದುಮಗನೋ?"

"ಮದುಮಗ ಅಂದ ಮ್ಯಾಲೆ ಹಾರ ಬ್ಯಾಡೇನು? ಪೂಜಿ ಮಾಡದ ನಾ ಯಾವ ಮಷೀನೂ ಕೊಡಾಂವಲ್ಲ," ಎಂದು ಕಾಕಾ ನಕ್ಕ.

ಕಾಕಾನ ಹೆಂಡತಿ ಬಾಳವ್ವ ಆರತಿ ತಟ್ಟೆಯನ್ನು ನೀಲಾಂಬಿಕೆಯ ಕೈಗೆ ತುರುಕಿದಳು. "ಹೋಗವ್ವ. ಬಿ.ಎ. ಮಾಡಿ ಮೂಕಿಗತೆ ನಿಂತರ ಹೆಂಗ?"

ಅವಳು ಚೆಂಡುಹೂವಿನ ಹಾರ ಹಾಕಿದಳು. ಕಾಕಾ ಪಕ್ಕಕ್ಕೆ ಬಂದು ಮೆಲ್ಲಗೆ ಹೇಳಿದ: "ಇನ್ನೊಂದೀಟು ಕೆಳಗ ಇಳಸು. ಈ ಬಾಜು. ಹಾಂ, ಅಲ್ಲೇ."

ಹೂವಿನ ಗೊಂಚಲು ನೇರವಾಗಿ ತೂತಿನ ಮೇಲೆ ಕೂತಿತು.

ತೆಂಗಿನಕಾಯಿ ಒಡೆದು ಕಾಕಾ ಹಗ್ಗ ಎಳೆದ. ಒಂದೇ ಎಳೆತಕ್ಕೆ ಮೋಟಾರು ಹದವಾಗಿ ಹಾಡತೊಡಗಿತು. ಚಾಂದಸಾಬ ಎದೆಯ ಮೇಲೆ ಕೈಯಿಟ್ಟ. "ಮಾಷಾ ಅಲ್ಲಾ! ಹೊಲಿಗಿ ಮಷೀನಿನಗತೆ ಓಡಾಕತ್ತೈತಿ. ನಮ್ಮ ಮೊಮ್ಮಗಳು ಶಾಹಜಾದಿ ಆಗ್ಲೇ ದೋಣ್ಯಾಗ ಕುಂತು ದಾರಿ ಕಾಯಾಕತ್ತಾಳು."

ನೀಲಾಂಬಿಕೆಯ ಕಣ್ಣು ಹಾರದ ಮೇಲಿತ್ತು. ಒಂದು ಎಸಳೂ ಅಲುಗಲಿಲ್ಲ, ಒಂದು ಎಸಳೂ ತೊಯ್ಯಲಿಲ್ಲ. ತಲೆಯೆತ್ತಿದರೆ ಕಾಕಾ ಅವಳನ್ನೇ ನೋಡುತ್ತಿದ್ದ. ಗದರಿಸುವ ನೋಟವಲ್ಲ ಅದು, ಬೇಡುವ ನೋಟ. ಇದಕ್ಕಿಂತ ಅವನು ಗದರಿಸಿದ್ದರೆ ಚೆನ್ನಾಗಿತ್ತು. ಇನ್ನು ಈ ಮನೆಯಲ್ಲಿ ತಾನು ಯಾವ ಮುಖ ಹೊತ್ತು ಉಣ್ಣಲು ಕೂರುವುದು?

"ಕಾಕಾ," ಎಂದಳು. ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಅವನು ಅವಸರದಿಂದ ಮೋಟಾರು ಆರಿಸಿದ. ಚಾಂದಸಾಬ ತಿರುಪು ಬಿಚ್ಚಲು ಬಗ್ಗಿದ.

ಅವಳು ತಟ್ಟೆಯನ್ನು ನೆಲಕ್ಕಿಟ್ಟು ಅವನೆದುರು ಬಂದು ನಿಂತಳು.

"ಒಯ್ಯಬ್ಯಾಡ್ರಿ ಚಾಚಾ. ಇದು ನೀರು ಎಳೀವಲ್ದು. ನಡು ಹೊಳ್ಯಾಗ ನಿಂದರತೈತಿ."