ತಟ್ಟೆಯಲ್ಲಿ ಸಿಕ್ಕ ಹುಳ

ಕ್ಯಾಂಟೀನಿನ ಅಡುಗೆಯವನಿಗೆ ಬಾಯಿ ಸ್ವಲ್ಪ ಜಾಸ್ತಿ, ಧೈರ್ಯ ಅದರ ಅರ್ಧದಷ್ಟೂ ಇಲ್ಲ. ಅವನ ತಂಗಿ ಅದೇ ಕಟ್ಟಡದ ಹಿಂದಿನ ಲ್ಯಾಬಿನಲ್ಲಿ ಎಂಟು ವರ್ಷ ಒದ್ದಾಡಿ ಹುಳ ಬೀಳದ ಬದನೆ ಬೆಳೆಸಿದ್ದಳು. ಹುಳ ಬೀಳದಿದ್ದರೆ ವಾರಕ್ಕೆರಡು ಸಲ ಔಷಧಿ ಹೊಡೆಯುವ ಕರ್ಮ ತಪ್ಪುತ್ತದೆ. ಅವರಪ್ಪ ಜೀವಮಾನವಿಡೀ ಬದನೆ ತೋಟಗಳಿಗೆ ಔಷಧಿ ಹೊಡೆದವರು. ಕೊನೆಗಾಲದಲ್ಲಿ ಲೋಟ ಹಿಡಿದರೆ ಕೈ ನಡುಗಿ ಅರ್ಧ ನೀರು ಅಂಗಿಯ ಮೇಲೆ. ತಂಗಿ ಈ ಕೆಲಸಕ್ಕೆ ಬಿದ್ದದ್ದೇ ಅದಕ್ಕೆ, ಇವನಿಗೂ ಗೊತ್ತಿತ್ತು.

ಆದರೆ ಕುಲಾಂತರಿ ಎನ್ನುವ ಪದ ಕಿವಿಗೆ ಬಿದ್ದದ್ದೇ ತಡ, ಇವನ ತಮಾಷೆ ಶುರು.

"ಏನಮ್ಮಾ, ನಿನ್ನ ಕುಲಗೆಟ್ಟ ಬದನೆ ಹೇಗಿದೆ?"

"ಕುಲ ಎಲ್ಲೂ ಕೆಟ್ಟಿಲ್ಲ ಕಣೋ ಅಣ್ಣ. ಒಂದು ಗುಣ ಸೇರಿಸಿದೀವಿ ಅಷ್ಟೆ. ಹುಳಕ್ಕೆ ಆಗಲ್ಲ, ನಮಗೇನೂ ಮಾಡಲ್ಲ."

ನಗುನಗುತ್ತಲೇ ಆ ಪದಕ್ಕೆ ಅವನೇ ಹೆದರಿಕೊಂಡುಬಿಟ್ಟಿದ್ದ.

ರುಚಿ ನೋಡುವ ದಿನ ಮೇಲಿನ ಕಚೇರಿಯಿಂದ ಐವರು ಬರುವವರಿದ್ದರು. ಅವರು ಹೂಂ ಅಂದರೆ ಬೀಜ ರೈತರ ಕೈಗೆ, ಇಲ್ಲದಿದ್ದರೆ ಎಂಟು ವರ್ಷ ನೀರುಪಾಲು. ಬೆಳಿಗ್ಗೆ ತಂಗಿ ಬುಟ್ಟಿ ತಂದಿಟ್ಟು, "ನೀನಿದ್ದೀಯಲ್ಲ, ನಂಗೆ ಯೋಚನೆ ಇಲ್ಲ" ಅಂದು ಹೋದಳು. ಅವನು ಒಂದು ಕಾಯಿ ಎತ್ತಿ ನೋಡಿದ. ಒಂದೇ ಒಂದು ತೂತಿಲ್ಲ. ಹುಳವೇ ಮುಟ್ಟದ್ದನ್ನು ತಿಂದು ದೊಡ್ಡವರಿಗೆ ಹೊಟ್ಟೆ ಕೆಟ್ಟರೆ ಬಡಿಸಿದವನ ತಲೆಗೇ ಬರುತ್ತದಲ್ಲ ಎಂದು ಬೆವರಿದ. ಬುಟ್ಟಿಯನ್ನು ಉಗ್ರಾಣಕ್ಕೆ ತಳ್ಳಿ, ಮಾರುಕಟ್ಟೆಗೆ ಓಡಿ ಅದೇ ಬಣ್ಣದ ಬದನೆ ತಂದ. ಅದಕ್ಕೆಷ್ಟು ಔಷಧಿ ಬಿದ್ದಿದೆಯೋ ಎಂದು ಆ ಮಹಾಶಯನಿಗೆ ಒಮ್ಮೆಯೂ ಅನಿಸಲಿಲ್ಲ. ಹೊತ್ತಾಗಿತ್ತು. ಎಂದಿನಂತೆ ಸೀಳಿ ನೋಡಲು ಪುರುಸೊತ್ತಿಲ್ಲದೆ ಇಡಿಯಾಗಿಯೇ ಬೇಯಿಸಿದ.

ಅವನು ಬಡಿಸಿ ಪಕ್ಕಕ್ಕೆ ನಿಂತ. ಹಿರಿಯ ಅಧಿಕಾರಿ ಕಾಯಿ ಮುರಿದರು. ಒಳಗೆ ಹುಳ ಬೆಂದು ಮಲಗಿತ್ತು.

"ಇದೇನಮ್ಮ? ಹುಳ ಬೀಳಲ್ಲ ಅಂದಿದ್ರಿ?"

ತಂಗಿಯ ಮುಖ ಬಿಳಿಚಿಕೊಂಡಿತು. ಪಕ್ಕದವರು, "ಅಡುಗೆಮನೇಲಿ ಅದಲುಬದಲಾಗಿರಬಹುದಾ?" ಎಂದು ಕೇಳಿದರು.

"ಇಲ್ಲ ಸರ್, ಅಡುಗೆ ಮಾಡಿದ್ದು ನಮ್ಮಣ್ಣ. ಅಲ್ಲಿ ಮೋಸ ಆಗಲ್ಲ. ತಪ್ಪು ನಂದೇ ಇರಬೇಕು."

ಅವಳು ನಾಲ್ಕು ಜನರ ಮುಂದೆ ಬೈದಿದ್ದರೂ ಅವನು ತಡೆದುಕೊಳ್ಳುತ್ತಿದ್ದ. ಈ ನಂಬಿಕೆಯನ್ನು ತಡೆಯಲಾಗಲಿಲ್ಲ. ನಾಚಿಕೆಯಿಂದ ಕಿವಿಯೆಲ್ಲ ಬಿಸಿಯಾಯಿತು.

"ಸರ್, ಇದು ಅವಳ ಬದನೆ ಅಲ್ಲ. ಅದನ್ನ ನಾನು ಬಚ್ಚಿಟ್ಟೆ. ಹೆದರಿಕೆ ಆಯ್ತು."

ಹಿರಿಯ ಅಧಿಕಾರಿ ಅವನನ್ನೊಮ್ಮೆ, ಅವಳನ್ನೊಮ್ಮೆ ನೋಡಿದರು. "ಸರಿ, ಹುಳದ ಮಾತು ಬಿಡೋಣ. ಒಡಹುಟ್ಟಿದ ಅಣ್ಣನೇ ಹೆದರೋದನ್ನ ಜನ ಹೇಗಮ್ಮ ತಿಂತಾರೆ?"

ತಂಗಿಯ ಹತ್ತಿರ ಪರೀಕ್ಷೆಗಳ ವರದಿ ರಾಶಿಯಿತ್ತು. ಮೇಲಿನದನ್ನು ತೆರೆಯಹೋಗಿ ಹಾಗೇ ಮುಚ್ಚಿದಳು.

ಅವನು ಉಗ್ರಾಣಕ್ಕೆ ಓಡಿ, ಹಸಿ ಬದನೆಯೊಂದನ್ನು ತಂದು ಎಲ್ಲರೆದುರು ಕಚ್ಚಿದ. "ನೋಡಿ ಸರ್, ತಿಂತಿದೀನಿ! ಏನೂ ಆಗಲ್ಲ!"

ತಂಗಿ ಮೆಲ್ಲಗೆ ಅವನ ಕೈ ಹಿಡಿದು ತಗ್ಗಿಸಿದಳು.

"ಬಿಡೋ ಅಣ್ಣ. ಈಗ ನಾಚಿಕೆಗೆ ತಿಂತಿದೀಯ. ನನ್ನ ನಂಬಿದ್ರೆ ಬೆಳಿಗ್ಗೆನೇ ತಿಂತಿದ್ದೆ."

ಬಾಯಲ್ಲಿದ್ದದ್ದನ್ನು ನುಂಗಲೂ ಆಗದೆ, ಉಗುಳಲೂ ಆಗದೆ ಅವನು ನಿಂತೇ ಇದ್ದ.